ಪ್ರಿಂಟ್ ಬರುತ್ತೆ, ಸ್ಕ್ಯಾನ್ ಆಗಲ್ಲ: ಆಫೀಸ್ ಪ್ರಿಂಟರ್‌ಗೆ ಡ್ರೈವರ್ ಹಾಕೋದು ಹೇಗೆ?

ಕೇಬಲ್ ಚುಚ್ಚಿದ ತಕ್ಷಣ ಪ್ರಿಂಟ್ ಬಂತು, ಆದರೆ ಸ್ಕ್ಯಾನ್ ಮಾಡೋಕೆ ಹೋದರೆ ಮಷೀನೇ ಕಾಣಿಸ್ತಿಲ್ಲ ಅಂತ ಕೇಳಿದ್ದೀರಿ. ಮಷೀನ್ ಕೆಟ್ಟಿರೋ ಸಾಧ್ಯತೆ ಕಡಿಮೆ. ಕಂಪ್ಯೂಟರ್ ಮಷೀನಿನ ಜೊತೆ ಮಾತಾಡೋಕೆ ಬೇಕಾದ ಸಾಫ್ಟ್‌ವೇರೇ ಡ್ರೈವರ್; ವಿಂಡೋಸ್ ತಾನಾಗಿ ಹಾಕಿಕೊಳ್ಳೋದು ಹೆಚ್ಚಾಗಿ ಬರೀ ಪ್ರಿಂಟ್ ಡ್ರೈವರ್. ಸ್ಕ್ಯಾನರ್‌ಗೆ ಟ್ವೈನ್ ಅಥವಾ ಡಬ್ಲ್ಯುಐಎ ಅನ್ನೋ ಬೇರೆ ಡ್ರೈವರ್ ಬೇಕಾಗುತ್ತೆ.

ಮೊದಲು ಹಳೆಯದನ್ನು ಪೂರ್ತಿ ತೆಗೆಯಿರಿ. ಪಟ್ಟಿಯಿಂದ ಪ್ರಿಂಟರ್ ಅಳಿಸಿದ ಮಾತ್ರಕ್ಕೆ ಡ್ರೈವರ್ ಹೋಗಲ್ಲ. ವಿಂಡೋಸ್‌ನ ಪ್ರಿಂಟರ್ ಸೆಟ್ಟಿಂಗ್ಸ್‌ನಲ್ಲಿರೋ ಪ್ರಿಂಟ್ ಸರ್ವರ್ ಪ್ರಾಪರ್ಟೀಸ್ ತೆರೆದು, ಡ್ರೈವರ್ಸ್ ಟ್ಯಾಬ್‌ನಲ್ಲಿ ಅದನ್ನೂ ಕಿತ್ತುಹಾಕಿ. ನಾನೂ ಇದನ್ನು ಮರೆತು ಒಂದು ಮಧ್ಯಾಹ್ನ ಪೂರ್ತಿ ಕಳೆದಿದ್ದೇನೆ.

ಆಮೇಲೆ ಮಷೀನಿನ ಲೇಬಲ್ ಮೇಲಿರೋ ಮಾಡೆಲ್ ನಂಬರನ್ನು ಕೊನೇ ಅಕ್ಷರದವರೆಗೂ ನೋಡಿಕೊಂಡು, ತಯಾರಕರ ಸೈಟಿನಿಂದಲೇ ಪೂರ್ತಿ ಪ್ಯಾಕೇಜ್ ಇಳಿಸಿಕೊಳ್ಳಿ. 'ಬೇಸಿಕ್' ಅಂತಿರೋದು ಬೇಡ, ಅದರಲ್ಲಿ ಸ್ಕ್ಯಾನ್ ಇಲ್ಲದಿರಬಹುದು. ಯುಎಸ್‌ಬಿ ಆದರೆ ಕೇಬಲ್ ತೆಗೆದಿಟ್ಟು, ಇನ್‌ಸ್ಟಾಲರ್ 'ಈಗ ಜೋಡಿಸಿ' ಅಂದಾಗ ಮಾತ್ರ ಚುಚ್ಚಿ.

ನೆಟ್‌ವರ್ಕ್ ಪ್ರಿಂಟರ್ ಆದರೆ ಇನ್ನೊಂದು ತಾಪತ್ರಯ ಇದೆ. ಇವತ್ತು 192.168.1.20 ಅಂತಿದ್ದ ಐಪಿ (ನೆಟ್‌ವರ್ಕ್‌ನಲ್ಲಿ ಪ್ರಿಂಟರ್‌ನ ವಿಳಾಸ), ರೌಟರ್ ಆಫ್ ಆಗಿ ಆನ್ ಆದ ಮೇಲೆ 192.168.1.27 ಆಗಿರಬಹುದು. ಕಂಪ್ಯೂಟರ್ ಹಳೇ ವಿಳಾಸಕ್ಕೇ ಕಳಿಸುತ್ತಾ ಕೂತಿರುತ್ತೆ, ನಿಮಗೆ 'ಆಫ್‌ಲೈನ್' ಅಂತ ಕಾಣುತ್ತೆ. ಅದಕ್ಕೇ ರೌಟರ್‌ನಲ್ಲಿ ಪ್ರಿಂಟರ್‌ಗೆ ಒಂದು ಐಪಿ ಕಾಯ್ದಿರಿಸಿ, ಪೋರ್ಟ್ (ಕಂಪ್ಯೂಟರ್ ಪ್ರಿಂಟರನ್ನು ತಲುಪೋ ದಾರಿ) ಆರಿಸುವಾಗ, ವಿಂಡೋಸ್ ತಾನಾಗಿ ಪ್ರಿಂಟರ್ ಹುಡುಕಿ ಮಾಡಿಕೊಳ್ಳೋ ಡಬ್ಲ್ಯುಎಸ್‌ಡಿ ಬಿಟ್ಟು, ಆ ಐಪಿಗೇ ಕಳಿಸೋ ಸ್ಟ್ಯಾಂಡರ್ಡ್ ಟಿಸಿಪಿ/ಐಪಿ ಪೋರ್ಟ್ ಕೊಡಿ.

ಡ್ರೈವರ್ ಇಳಿಸುವಾಗ ಪಿಸಿಎಲ್6, ಪೋಸ್ಟ್‌ಸ್ಕ್ರಿಪ್ಟ್ (ಪುಟ ಹೇಗಿರಬೇಕು ಅಂತ ಪ್ರಿಂಟರ್‌ಗೆ ಹೇಳೋ ಎರಡು ಭಾಷೆಗಳು) ಎರಡೂ ಇದ್ದರೆ ಪತ್ರ, ಎಕ್ಸೆಲ್ ಕೆಲಸಕ್ಕೆ ಪಿಸಿಎಲ್6 ಸಾಕು. ಡಿಸೈನ್ ಮಾಡೋರು ಪೋಸ್ಟ್‌ಸ್ಕ್ರಿಪ್ಟ್ ಹಾಕಿಕೊಳ್ಳಲಿ.