ಮಠದಲ್ಲಿ ಕೂತು ಪ್ರೇಮಕವಿತೆ ಬರೆದರೆ ಬೂಟಾಟಿಕೆಯೇ?

ಪತ್ರ: ಕಳೆದ ಸಂಚಿಕೆಯಲ್ಲಿ ಮೆಕ್ಸಿಕೋದ ಸನ್ಯಾಸಿನಿ ಕವಿ ಸೋರ್ ಹುವಾನಾ ಇನೆಸ್ ದೆ ಲಾ ಕ್ರೂಸ್ ಬಗ್ಗೆ ಓದಿದೆ. ದೇವರಿಗೆ ಮುಡಿಪಾದವಳು ಪ್ರೇಮಕವಿತೆ ಬರೆಯೋದು ಬೂಟಾಟಿಕೆ ಅಲ್ವಾ? ಓದುವ ಆಸೆಯಿದ್ದವಳು ಮಠಕ್ಕೆ ಯಾಕೆ ಹೋಗಬೇಕಿತ್ತು?

ಸಂಪಾದಕರ ಉತ್ತರ: ಓದೋದಕ್ಕೇ ಹೋಗಿದ್ದು ಸ್ವಾಮಿ! 17ನೇ ಶತಮಾನದಲ್ಲಿ, ಸ್ಪೇನಿನ ಆಳ್ವಿಕೆಯಲ್ಲಿದ್ದ ಮೆಕ್ಸಿಕೋದಲ್ಲಿ, ವಿಶ್ವವಿದ್ಯಾಲಯ ಗಂಡಸರಿಗೆ ಮಾತ್ರ. ಹುಡುಗನ ಬಟ್ಟೆ ಹಾಕಿ ಕಳಿಸು ಅಂತ ಚಿಕ್ಕವಳಿದ್ದಾಗಲೇ ಅಮ್ಮನಿಗೆ ದುಂಬಾಲು ಬಿದ್ದವಳು ಈಕೆ. ಅದು ಆಗಲಿಲ್ಲ, ಅಜ್ಜನ ಪುಸ್ತಕಗಳನ್ನು ಹಿಡಿದು ಕೂತಳು. ಲ್ಯಾಟಿನ್ ಕಲಿಯುವಾಗ ಅಂದುಕೊಂಡಷ್ಟು ಬರದಿದ್ದರೆ ಕೂದಲು ಕತ್ತರಿಸಿಕೊಳ್ಳುತ್ತಿದ್ದಳು. ಒಳಗೆ ಏನೂ ಇಲ್ಲದ ತಲೆಗೆ ಮೇಲೆ ಅಲಂಕಾರ ಯಾಕೆ ಅನ್ನೋದು ಆಕೆಯ ವಾದ.

ಆಮೇಲೆ ವೈಸ್‌ರಾಯ್ ಅರಮನೆಯಲ್ಲಿ ವಾಸ. ಮುಂದೆ ಇದ್ದದ್ದು ಮದುವೆ, ಇಲ್ಲಾ ಮಠ. ಮದುವೆ ಸುತರಾಂ ಬೇಡ ಎಂದು ಆಕೆಯೇ ಬರೆದಿದ್ದಾಳೆ. 1667ರಲ್ಲಿ ಸೇರಿದ ಕಾರ್ಮೆಲೈಟ್ ಎಂಬ ಕ್ರೈಸ್ತ ಪಂಥದ ಮಠವನ್ನು ಬಿಟ್ಟು ಬಂದು, 1669ರಲ್ಲಿ ಸಾನ್ ಹೆರೋನಿಮೋ ಮಠದಲ್ಲಿ ನೆಲೆ ನಿಂತಳು. ಅಲ್ಲಿ ಸ್ವಂತ ಕೋಣೆ, ರಾಶಿ ಪುಸ್ತಕ, ಜೊತೆಗೆ ಮಠದ ಲೆಕ್ಕಪತ್ರದ ಕೆಲಸ.

ಪ್ರೇಮಕವಿತೆಗಳನ್ನು ಕದ್ದುಮುಚ್ಚಿ ಬರೆದದ್ದಲ್ಲ. ವೈಸ್‌ರಾಯ್ ಪತ್ನಿ ಮರಿಯಾ ಲೂಯಿಸಾ ಅವನ್ನು ಒಯ್ದು 1689ರಲ್ಲಿ ಮ್ಯಾಡ್ರಿಡ್‌ನಲ್ಲಿ ಅಚ್ಚು ಹಾಕಿಸಿದಳು. ಅದೇ ಕೈ ಚರ್ಚಿನ ಹಬ್ಬಗಳಿಗೂ ಹಾಡು ಬರೆದಿದೆ. ಇದರಲ್ಲಿ ಬೂಟಾಟಿಕೆ ಎಲ್ಲಿ ಬಂತು?

ಬೂಟಾಟಿಕೆಯೇ ಬೇಕಿದ್ದರೆ ಮೆಕ್ಸಿಕೋದ ಪ್ಯುಯೆಬ್ಲಾ ಊರಿನ ಬಿಷಪ್‌ನನ್ನು ನೋಡಿ. ಪ್ರಸಿದ್ಧ ಪಾದ್ರಿ ವಿಯೆರಾನ ಪ್ರವಚನವನ್ನು ಹುವಾನಾ ಖಂಡಿಸಿ ಬರೆದದ್ದನ್ನು 1690ರಲ್ಲಿ ಈತನೇ ಅಚ್ಚು ಹಾಕಿಸಿದ. ಜೊತೆಗೆ 'ಸೋರ್ ಫಿಲೋತೆಯಾ' ಎಂಬ ಸನ್ಯಾಸಿನಿಯ ಹೆಸರಿಟ್ಟುಕೊಂಡು, ಲೌಕಿಕದ ಓದು ಕಮ್ಮಿ ಮಾಡಮ್ಮ ಅಂತ ಬುದ್ಧಿವಾದ!

ಅದಕ್ಕೆ ಹುವಾನಾ 1691ರ ಮಾರ್ಚ್‌ನಲ್ಲಿ ಕೊಟ್ಟ ಉತ್ತರ ನನಗೆ ಆಕೆಯ ಕವಿತೆಗಿಂತಲೂ ಇಷ್ಟ. ಅದರಲ್ಲಿ ಆಕೆಯೇ ಹೇಳಿಕೊಂಡ ಹಾಗೆ, ಒಮ್ಮೆ ಮಠದ ಹಿರಿಯಳೊಬ್ಬಳು ಓದು ನಿಲ್ಲಿಸು ಅಂದಾಗ ಪುಸ್ತಕ ಮುಟ್ಟಲಿಲ್ಲ, ಆದರೆ ಕಣ್ಣಿಗೆ ಬಿದ್ದದ್ದನ್ನೆಲ್ಲ ಓದಿದಳು. ಹುಡುಗಿಯರು ಬುಗುರಿ ಆಡುತ್ತಿದ್ದರೆ ನೆಲಕ್ಕೆ ಹಿಟ್ಟು ಉದುರಿಸಿ, ಅದು ತಿರುಗುವ ದಾರಿ ಪೂರ್ತಿ ವೃತ್ತವಲ್ಲ, ಸುರುಳಿ ಅಂತ ಕಂಡುಕೊಂಡಳು. ಮೊಟ್ಟೆ ಬೆಣ್ಣೆಯಲ್ಲೋ ಎಣ್ಣೆಯಲ್ಲೋ ಗಟ್ಟಿಯಾಗುತ್ತೆ, ಸಕ್ಕರೆ ಪಾಕದಲ್ಲಿ ಒಡೆದುಹೋಗುತ್ತೆ, ಯಾಕೆ? ಅರಿಸ್ಟಾಟಲ್ ಅಡುಗೆ ಮಾಡಿದ್ದರೆ ಇನ್ನೂ ಜಾಸ್ತಿ ಬರೆದಿರುತ್ತಿದ್ದ ಅನ್ನುತ್ತಾಳೆ. ಬಿಷಪ್‌ಗೆ ಬರೆದ ಕಾಗದದಲ್ಲಿ ಈ ಮಾತು!

1694ರಲ್ಲಿ ತನ್ನ ರಕ್ತದಲ್ಲೇ ಸಹಿ ಹಾಕಿ ಮತ್ತೆ ವ್ರತ ತೊಟ್ಟಳು. ಮರುವರ್ಷ ಸಾಂಕ್ರಾಮಿಕ ರೋಗ ಬಂದಾಗ ಜೊತೆಗಾರ್ತಿಯರ ಆರೈಕೆ ಮಾಡುತ್ತಲೇ ತೀರಿಕೊಂಡಳು. ಆ ಉತ್ತರ ಅಚ್ಚಾಗಿದ್ದು 1700ರಲ್ಲಿ. ಕವಿತೆ ಪಕ್ಕಕ್ಕಿಟ್ಟು ಮೊದಲು ಅದನ್ನೇ ಓದಿ, ಒಪ್ಪದಿದ್ದರೆ ಇನ್ನೊಂದು ಪತ್ರ ಹಾಕಿ, ಜಗಳ ಮುಂದುವರಿಸೋಣ.