ಮುಂಗಾಲು ಮ್ಯಾಂಟಿಸ್‌ದು, ರೆಕ್ಕೆ ಯಾರದು?

ಪ್ರಶ್ನೆ: ರಾತ್ರಿ ಲೈಟ್ ಹತ್ರ ಒಂದು ಹುಳ ಕೂತಿತ್ತು ಸಾರ್, ಮುಂಗಾಲು ಪ್ರೇಯಿಂಗ್ ಮ್ಯಾಂಟಿಸ್ ಥರ ಮಡಚಿಕೊಂಡಿದೆ ಆದ್ರೆ ರೆಕ್ಕೆ ಗಾಜಿನ ಹಾಗೆ ಪಾರದರ್ಶಕ. ಮ್ಯಾಂಟಿಸ್ ಮರೀನಾ ಇದು?

ಉತ್ತರ: ಅಲ್ಲ, ಮರಿ ಮ್ಯಾಂಟಿಸ್‌ಗೆ ಹಾರೋ ರೆಕ್ಕೆನೇ ಇರಲ್ಲ, ಹಾಗಾಗಿ ನೀವು ನೋಡಿದ್ದು ಬಹುಶಃ ಮ್ಯಾಂಟಿಡ್‌ಫ್ಲೈ. ಹೆಸರಲ್ಲಿ ಫ್ಲೈ ಇದ್ರೂ ಇದು ನೊಣ ಅಲ್ಲ, ಬಲೆಯಂಥ ರೆಕ್ಕೆಯ ಲೇಸ್‌ವಿಂಗ್ ಹುಳಗಳ ಬಳಗದ್ದು, ಮರಳಲ್ಲಿ ಗುಂಡಿ ತೋಡಿ ಇರುವೆ ಹಿಡಿಯೋ ಆಂಟ್‌ಲಯನ್ ಕೂಡ ಇದರ ನೆಂಟನೇ. ಮ್ಯಾಂಟಿಸ್ ಆದ್ರೆ ಜಿರಲೆ, ಗೆದ್ದಲಿನ ಕಡೆಯದು. ಎರಡೂ ಬೇಟೆಯನ್ನ ಗಬಕ್ಕನೆ ಹಿಡೀಬೇಕಲ್ಲ, ಅದಕ್ಕೇ ಬೇರೆ ಬೇರೆ ವಂಶದಲ್ಲಿ ಒಂದೇ ಥರದ ಕಾಲು ಬೆಳೀತು. ನೀರಲ್ಲಿರೋ ರಾನಾಟ್ರಾ ಅನ್ನೋ ಕಡ್ಡಿಯಂಥ ತಿಗಣೆ ಜಾತಿ ಹುಳಕ್ಕೂ ಇಂಥದ್ದೇ ಮುಂಗಾಲಿದೆ.

ನನಗೆ ತುಂಬಾ ಇಷ್ಟ ಆಗೋದು ಮ್ಯಾಂಟಿಡ್‌ಫ್ಲೈನ ಬಾಲ್ಯ. ಸಣ್ಣ ದಂಟಿನ ತುದಿಯಲ್ಲಿ ಒಂದೊಂದೇ ಮೊಟ್ಟೆ, ಅದರಿಂದ ಬರೋ ಮರಿಹುಳಕ್ಕೆ ಬೇಕಾಗಿರೋದು ಜೇಡದ ಮೊಟ್ಟೆ, ಕೆಲವು ಜಾತಿಯವು ಮೊಟ್ಟೆಚೀಲ ಹುಡುಕಿ ಕೊರೆದು ಒಳಗೆ ಹೋಗ್ತವೆ, ಇನ್ನು ಕೆಲವು ಹೆಣ್ಣು ಜೇಡದ ಮೈಮೇಲೇ ಹತ್ತಿ ಅಂಟಿಕೊಂಡು ಅದು ಮೊಟ್ಟೆ ಇಡೋವರೆಗೂ ಕಾಯ್ತವೆ, ಚೀಲ ನೇಯೋ ಹೊತ್ತಿಗೆ ಮೆಲ್ಲಗೆ ಒಳಗೆ ಜಾರಿ ಮೊಟ್ಟೆ ಹೀರಿ ಅಲ್ಲೇ ಗೂಡು ಕಟ್ಟಿ ಪ್ಯೂಪಾ (ಕೋಶ) ಆಗ್ತವೆ. ಎಂಥಾ ತಾಳ್ಮೆ ನೋಡಿ! ಉತ್ತರ ಅಮೆರಿಕದ ಕ್ಲೈಮಸಿಯೆಲ್ಲಾ ಬ್ರೂನಿಯಾ ಅನ್ನೋ ಮ್ಯಾಂಟಿಡ್‌ಫ್ಲೈ ಅಂತೂ ನೋಡೋಕೆ ಥೇಟ್ ಕಣಜ, ಆದ್ರೆ ಕುಟುಕಲ್ಲ.

ಮುಂದಿನ ಸಲ ಸಿಕ್ಕಿದ್ರೆ ರೆಕ್ಕೆ ನೋಡಿ, ಬಲೆಯಂಥ ನರಗಳಿದ್ದು ಮೈಮೇಲೆ ಮನೆಮಾಡಿನ ಹಾಗೆ ಇಳಿಜಾರಾಗಿ ಮಡಚಿದ್ರೆ ಇದೇ. ಹೊಡೀಬೇಡಿ, ನಮಗೇನೂ ಮಾಡಲ್ಲ.