ಯೂರಿಯಾ ಬಿಟ್ಟರೆ ರೊಬಸ್ಟಾ ಫಸಲು ಕುಸಿಯುತ್ತದೆಯೇ?

ಪ್ರಶ್ನೆ: ವಿರಾಜಪೇಟೆ ಬಳಿ 3 ಎಕರೆ ರೊಬಸ್ಟಾ ಕಾಫಿ ಇದೆ, ನೆರಳಿನ ಮರಗಳಿಗೆ ಕರಿಮೆಣಸು ಹಬ್ಬಿಸಿದ್ದೇವೆ. ಈ ವರ್ಷದಿಂದ ಯೂರಿಯಾ ಪೂರ್ತಿ ಬಿಟ್ಟು ಕೊಟ್ಟಿಗೆ ಗೊಬ್ಬರಕ್ಕೆ ಹೊರಳಬಹುದೇ?

ಉತ್ತರ: ಒಂದೇ ಏಟಿಗೆ ಬೇಡ, ಮೊದಲು ಲೆಕ್ಕ ಹಾಕಿ. ಎಕರೆಗೆ ವರ್ಷಕ್ಕೆ 40 ಕೆ.ಜಿ. ಸಾರಜನಕ ಕೊಡುತ್ತಿದ್ದೀರಿ ಎಂದಿಟ್ಟುಕೊಳ್ಳೋಣ. ಯೂರಿಯಾದಲ್ಲಿ ಸಾರಜನಕ ಶೇ. 46, ಹಾಗಾಗಿ 45 ಕೆ.ಜಿ.ಯ ಎರಡು ಚೀಲ ಸಾಕು. ಕಳಿತ ಕೊಟ್ಟಿಗೆ ಗೊಬ್ಬರದಲ್ಲಿರುವುದು ಹೆಚ್ಚುಕಡಿಮೆ ಶೇ. 0.5. ಅಷ್ಟೇ ಸಾರಜನಕಕ್ಕೆ 8 ಟನ್ ಬೇಕು, ಅದೂ ಮೊದಲ ವರ್ಷವೇ ಪೂರ್ತಿ ಗಿಡಕ್ಕೆ ದಕ್ಕುವುದಿಲ್ಲ. ಮೂರು ಎಕರೆಗೆ 24 ಟನ್! ಹಟ್ಟಿಯಲ್ಲಿ ಎರಡು ಹಸು ಕಟ್ಟಿಕೊಂಡು ಆಗುವ ಮಾತಲ್ಲ. ಎಕರೆಗೆ ಒಂದೆರಡು ಟನ್ ಎರಚಿ, ಕಾಯಿ ಉದುರಿದಾಗ ಸಾವಯವವನ್ನೇ ಬೈಯುವವರು ಎಡವುವುದು ಇಲ್ಲೇ.

ಹಾಗಂತ ಯೂರಿಯಾವೇ ವಾಸಿ ಎನ್ನಲಾರೆವು. ನಮ್ಮ ಮಳೆ ಮೊದಲೇ ಮಣ್ಣಿನ ಸುಣ್ಣದಂಶವನ್ನು ತೊಳೆದು ಒಯ್ಯುತ್ತದೆ, ಮೇಲೆ ವರ್ಷವರ್ಷವೂ ಯೂರಿಯಾ ಬಿದ್ದರೆ ಹುಳಿ ಏರುತ್ತದೆ. ಕಾಫಿಗೆ ರಸಸಾರ (pH, ಹುಳಿ ಏರಿದಷ್ಟೂ ಇಳಿಯುವ ಅಳತೆ) 6ರಿಂದ 6.5 ಹಿತ. ತೀರಾ ಇಳಿದರೆ ರಂಜಕ (ಫಾಸ್ಫರಸ್) ಮಣ್ಣಿನ ಕಬ್ಬಿಣ, ಅಲ್ಯೂಮಿನಿಯಂ ಜೊತೆ ಕಚ್ಚಿಕೊಂಡು ಬೇರಿಗೆ ಸಿಗುವುದಿಲ್ಲ, ಹಾಕಿದ ಚೀಲ ದಂಡ. ಮಣ್ಣು ಪರೀಕ್ಷೆ ಮಾಡಿಸಿ, ಅದು ಹೇಳಿದಷ್ಟೇ ಸುಣ್ಣ ಹಾಕಿ. ಸುಣ್ಣಕ್ಕೂ ಯೂರಿಯಾಕ್ಕೂ ಒಂದು ತಿಂಗಳು ಅಂತರವಿರಲಿ. ಒಟ್ಟಿಗೆ ಬಿದ್ದರೆ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ.

ಈ ವರ್ಷ ಯೂರಿಯಾ ಕಾಲುಭಾಗ ಮಾತ್ರ ಇಳಿಸಿ. ನೆರಳಿನ ಹಾಲುವಾಣ ಮರದ ಕೊಂಬೆ ಸವರಿದ ಸೊಪ್ಪು, ಕಾಫಿ ಸಿಪ್ಪೆ ಎಲ್ಲವೂ ತೋಟದಲ್ಲೇ ಕಳಿಯಲಿ. ಬುಡದಿಂದ ಒಂದಡಿ ಬಿಟ್ಟು ದರಗು (ಉದುರಿದ ಒಣ ಎಲೆ) ಸರಿಸಿ, ಗೊಬ್ಬರ ಹಾಕಿ, ದರಗನ್ನು ಮತ್ತೆ ಎಳೆದು ಮುಚ್ಚಿ. ಆಟಿಯ (ಜುಲೈ-ಆಗಸ್ಟ್) ಜಡಿಮಳೆಯಲ್ಲಿ ಯಾವ ಗೊಬ್ಬರವೂ ಬೇಡ, ತೋಡಿನ ಪಾಲಾಗುತ್ತದೆ. ಹಸಿ ಸಗಣಿಯಂತೂ ಬೇಡವೇ ಬೇಡ, ಬೇರು ತಿನ್ನುವ ಗೊಣ್ಣೆಹುಳ ಅದರ ಹಿಂದೆಯೇ ಬರುತ್ತದೆ.

ಪ್ರಶ್ನೆ: ಸಾವಯವಕ್ಕೆ ಹೊರಳಿದರೆ ಮೆಣಸಿನ ಬಳ್ಳಿಗೆ ಬೋರ್ಡೊ ಹೊಡೆಯಬಹುದೇ? ಬುಡಕ್ಕೆ ಟ್ರೈಕೋಡರ್ಮಾ (ರೋಗ ತಡೆಯುವ ಉಪಕಾರಿ ಶಿಲೀಂಧ್ರ) ಹಾಕಿದ್ದೇವೆ.

ಉತ್ತರ: ಹೊಡೆಯಬಹುದು. ಬೋರ್ಡೊ ಎಂದರೆ ಮೈಲುತುತ್ತು (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಬೆರೆಸಿದ ಶಿಲೀಂಧ್ರನಾಶಕ. ಆದರೆ ಸಾವಯವದಲ್ಲಿ ತಾಮ್ರಕ್ಕೆ ಮಿತಿಯಿದೆ, ಸಾವಯವ ಪ್ರಮಾಣಪತ್ರ ಕೊಡುವವರನ್ನು ಮೊದಲೇ ಕೇಳಿಕೊಳ್ಳಿ. ಶೇ. 1ರ ದ್ರಾವಣಕ್ಕೆ 1 ಕೆ.ಜಿ. ಮೈಲುತುತ್ತು 50 ಲೀಟರಿನಲ್ಲಿ, 1 ಕೆ.ಜಿ. ಸುಣ್ಣ ಇನ್ನೊಂದು 50 ಲೀಟರಿನಲ್ಲಿ, ಎರಡೂ ಪ್ಲಾಸ್ಟಿಕ್ ಡ್ರಮ್ಮಿನಲ್ಲೇ. ತುತ್ತಿನ ನೀರನ್ನು ಸುಣ್ಣದ ನೀರಿಗೆ ಕಲಕುತ್ತಾ ಸುರಿಯಿರಿ. ಉಜ್ಜಿ ಹೊಳಪು ಬಂದ ಕತ್ತಿಯ ಅಲಗನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಕೆಂಪು ಕಂಡರೆ ತಾಮ್ರ ಉಳಿದಿದೆ, ಎಲೆ ಸುಡುತ್ತದೆ. ಅಲಗಿನ ಕೆಂಪು ನಿಲ್ಲುವವರೆಗೂ ಸುಣ್ಣದ ನೀರು ಸೇರಿಸಿ. ಗಾಳಿಗೆ ಬಿಟ್ಟ ಹಳೇ ಸುಣ್ಣಕ್ಕೆ ಕಸುವಿರುವುದಿಲ್ಲ, ಸಾಮಾನ್ಯವಾಗಿ ಕೆಡುವುದು ಅದರಿಂದಲೇ. ಮಾಡಿದ ದಿನವೇ ಹೊಡೆದು ಮುಗಿಸಿ. ಟ್ರೈಕೋಡರ್ಮಾ ಹಾಕಿದ ಬುಡಕ್ಕೆ ಮಾತ್ರ 15 ದಿನ ತಾಮ್ರ ಸುರಿಯಬೇಡಿ.